ಪಂಪುಸೆಟ್ಟನ್ನು ಅಂಗಡಿಗೆ ಒಯ್ಯುವ ಮುಂಚೆ



ಸುಗ್ಗಿ-ಪಗ್ಗು ತಿಂಗಳ ಬಿಸಿಲಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ತೋಟದಲ್ಲಿ ಪಂಪು ನಿಂತರೆ, ಗಿಡದ ಜೊತೆಗೆ ಯಜಮಾನರೂ ಬಾಡುತ್ತಾರೆ. ಆ ಗಾಬರಿಯಲ್ಲಿ ಮೋಟಾರು ಬಿಚ್ಚಿ ಜೀಪಿಗೆ ಹಾಕುವುದು, ಅಂಗಡಿಯವರು "ವೈಂಡಿಂಗ್ ಹೋಗಿದೆ" ಎಂದರೆ ಹೂಂ ಅನ್ನುವುದು. ಸ್ವಲ್ಪ ತಾಳಿ, ಮಾರಾಯ್ರೇ!

ಮೋಟಾರು ಸರಾಗವಾಗಿ ತಿರುಗುತ್ತದೆ, ನೀರು ಮಾತ್ರ ಬಾರದು ಎಂದಾದರೆ ಅದು ವೈಂಡಿಂಗಿನ ದೋಷವಲ್ಲ. ಬಾವಿ ದಂಡೆಯ ಪಂಪಾದರೆ ಮೈನ್ ಸ್ವಿಚ್ ಆರಿಸಿ, ಪಂಪಿಗೆ ನೀರು ತುಂಬಿ ನೋಡಿ. ತುಂಬಿದ ನೀರು ಇಳಿದುಹೋದರೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆ, ಇಲ್ಲವೇ ವಾಷರು ಸವೆದಿದೆ. ನೀರು ನಿಂತೂ ಎತ್ತದಿದ್ದರೆ ಪೈಪಿನ ಜೋಡಣೆಯಲ್ಲೋ ಗ್ಲ್ಯಾಂಡಿನಲ್ಲೋ ಗಾಳಿ ಎಳೆಯುತ್ತಿರಬಹುದು. ಬಾವಿಯ ನೀರೇ ಪಂಪಿಗಿಂತ 7-8 ಮೀಟರು ಕೆಳಗಿಳಿದಿದ್ದರೆ ಯಾವ ರಿಪೇರಿಯೂ ಫಲಿಸದು, ಪಂಪನ್ನೇ ಕೆಳಗಿಳಿಸಬೇಕು.

ಲೈನ್ ಕೆಲಸವಾದ ಮೇಲೆ ನೀರು ಕಡಿಮೆಯಾಯಿತೇ? ಮೂರು ಫೇಸಿನ ಮೋಟಾರು ಉಲ್ಟಾ ತಿರುಗುತ್ತಿರಬಹುದು. ವಯರ್‌ಮ್ಯಾನ್ ಎರಡು ತಂತಿ ಅದಲುಬದಲು ಮಾಡಿದರೆ ಮುಗಿಯಿತು. ಸಿಂಗಲ್ ಫೇಸಿನದು ಗುಂಯ್ ಎಂದು ನಿಂತರೆ ಮೊದಲು ಕೆಪಾಸಿಟರ್ ಪರೀಕ್ಷೆಯಾಗಲಿ.

ವೈಂಡಿಂಗ್ ನಿಜಕ್ಕೂ ಸುಟ್ಟಿದ್ದರೆ ಮೆಗ್ಗರ್ ಇಟ್ಟು ನಿಮ್ಮೆದುರೇ ತೋರಿಸಲಿ. ಹೊಸ ತಂತಿ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ, ಎಷ್ಟು ಕಿಲೋ ಎಂಬುದನ್ನು ಮುಂಚೆಯೇ ಬರೆಸಿಕೊಳ್ಳಿ. ಹಳೆ ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೆ ಬೆಲೆಯಿದೆ. ಕೇಳಿ ತನ್ನಿ, ಇಲ್ಲವೇ ಬಿಲ್ಲಿನಲ್ಲಿ ಕಳೆಯಿಸಿ. ಪ್ರಾಮಾಣಿಕ ಮೆಕ್ಯಾನಿಕ್ ಇದಕ್ಕೆಲ್ಲ ಮುನಿಯುವುದಿಲ್ಲ. ಬಿಲ್ಲು ಕೈಯಲ್ಲಿದ್ದರೆ, ತಕರಾರು ಬಂದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು.