ಕ್ರೀಡಾಪಟುಗಳ ನಡತೆಯೂ ತರಬೇತುದಾರರ ಹೊಣೆಯೂ

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯು ಈಚೆಗೆ ವಿದ್ಯೆಯ ಹಾದಿಯಾಗಿರುವುದನ್ನು ವಾಚಕರು ಬಲ್ಲರು. ಹಾರೋಹಳ್ಳಿಯ ಬಳಿ ದಯಾನಂದ ಸಾಗರ ವಿಶ್ವವಿದ್ಯಾನಿಲಯವೂ, ಅದೇ ಹಾದಿಯಲ್ಲಿ ಜಕ್ಕಸಂದ್ರದ ಹತ್ತಿರ ಜೈನ್ ವಿಶ್ವವಿದ್ಯಾನಿಲಯದ ಆವರಣವೂ ಇವೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದಲ್ಲಿ ಜೈನ್ ವಿಶ್ವವಿದ್ಯಾನಿಲಯವು 20 ಸುವರ್ಣಪದಕಗಳನ್ನು ಗಳಿಸಿ ಅಗ್ರಸ್ಥಾನವನ್ನು ಪಡೆದುದು ನಾಡಿಗೆ ಅಭಿಮಾನದ ವಿಷಯವೇ ಸರಿ. ಪದಕಗಳ ಪಟ್ಟಿಯು ಬೆಳೆಯುತ್ತಿರುವ ಈ ಕಾಲದಲ್ಲಿ ನಾಡಿನ ಎಲ್ಲ ಕಾಲೇಜುಗಳ ಮುಂದೆಯೂ ಒಂದು ಪ್ರಶ್ನೆಯನ್ನಿಡದೆ ವಿಧಿಯಿಲ್ಲ: ಅಂಗಳದಿಂದ ಹೊರಬಿದ್ದ ಆಟಗಾರನು ವಿದ್ಯಾರ್ಥಿನಿಲಯದಲ್ಲಿಯೂ ಊರ ಬೀದಿಯಲ್ಲಿಯೂ ನಡೆದುಕೊಳ್ಳುವ ರೀತಿಗೆ ಅವನ ತರಬೇತುದಾರನು ಹೊಣೆಯೋ, ಅಲ್ಲವೋ?

ಪ್ರಾಪ್ತವಯಸ್ಕನು ಮಾಡಿದ ತಪ್ಪಿಗೆ ಅವನೇ ಹೊಣೆ, ತರಬೇತುದಾರನು ಹಗಲಿರುಳು ಕಾವಲಿರಲಾರನು ಎಂಬ ಆಕ್ಷೇಪಣೆಯುಂಟು. ಇದು ನ್ಯಾಯವಾದ ಮಾತು. ಆದರೆ ತಂಡವನ್ನು ಆರಿಸುವ ಅಧಿಕಾರವು ಯಾರ ಕೈಯಲ್ಲಿದೆಯೋ ಆಟಗಾರರು ಅವರ ಮಾತಿಗೆ ತಂದೆತಾಯಿಗಳ ಮಾತಿಗಿಂತಲೂ ಹೆಚ್ಚಾಗಿ ಅಂಜುವರು. ಅಭ್ಯಾಸಕ್ಕೆ ತಡವಾಗಿ ಬಂದವನನ್ನು ತಂಡದಿಂದ ಬಿಡಬಲ್ಲವರು, ಕಿರಿಯ ವಿದ್ಯಾರ್ಥಿಯನ್ನು ಪೀಡಿಸಿದವನ ವಿಷಯದಲ್ಲಿ ಮಾತ್ರ ಕೈಲಾಗದವರಾದರೆ ಅದು ಅಶಕ್ತಿಯಲ್ಲ, ಅನಿಚ್ಛೆ.

ಈ ಅನಿಚ್ಛೆಯ ಫಲವೇನೆಂಬುದನ್ನು ಅಮೆರಿಕದ ಬೇಲರ್ ವಿಶ್ವವಿದ್ಯಾನಿಲಯದಲ್ಲಿ ಕಂಡೆವು. ಫುಟ್‌ಬಾಲ್ ಆಟಗಾರರ ಮೇಲೆ ಬಂದ ಅತ್ಯಾಚಾರದ ದೂರುಗಳನ್ನು ತಂಡದ ಸಿಬ್ಬಂದಿಯು ಮೇಲಿನವರಿಗೆ ತಿಳಿಸಲಿಲ್ಲವೆಂದು ವಿಚಾರಣೆಯಲ್ಲಿ ಹೊರಬೀಳಲು, 2016ರಲ್ಲಿ ಮುಖ್ಯ ತರಬೇತುದಾರ ಆರ್ಟ್ ಬ್ರೈಲ್ಸರನ್ನು ತೆಗೆದುಹಾಕಲಾಯಿತು. ಕೆನ್ ಸ್ಟಾರರು ಅಧ್ಯಕ್ಷಪದವಿಯನ್ನು ಕಳೆದುಕೊಂಡರು. ಆದರೂ 2021ರಲ್ಲಿ ಅಲ್ಲಿನ ಕಾಲೇಜು ಕ್ರೀಡಾಸಂಸ್ಥೆಯು ಈ ಲೋಪವು ತನ್ನ ನಿಯಮಗಳ ಉಲ್ಲಂಘನೆಯೆನಿಸದೆಂದು ತೀರ್ಮಾನಿಸಿತು. ಆಟದ ನಿಯಮವು ಇಲ್ಲಿ ರಕ್ಷಿಸದು, ವಿದ್ಯಾಸಂಸ್ಥೆಯೇ ಎಚ್ಚತ್ತಿರಬೇಕು.

ನಮ್ಮಲ್ಲಿಯೂ ಪಾಠಕ್ಕೆ ಕೊರತೆಯಿಲ್ಲ. 2019ರಲ್ಲಿ ಟೆಲಿವಿಷನ್ ಸಂದರ್ಶನವೊಂದರಲ್ಲಿ ಸ್ತ್ರೀಯರ ಕುರಿತು ಬಂದ ಹಗುರ ಮಾತುಗಳ ದೆಸೆಯಿಂದ ಹಾರ್ದಿಕ್ ಪಾಂಡ್ಯ ಹಾಗೂ ಕರ್ನಾಟಕದ ಕೆ. ಎಲ್. ರಾಹುಲ್ ಇಬ್ಬರೂ ಕೆಲಕಾಲ ಆಟದಿಂದ ದೂರವಿರಬೇಕಾಯಿತು. ಬಳಿಕ ತಲಾ 20 ಲಕ್ಷ ರೂಪಾಯಿ ದಂಡವನ್ನೂ ತೆರಬೇಕಾಯಿತು. ದೇಶವೆಲ್ಲ ನೋಡುತ್ತಿರುವಾಗ ಬರುವ ಶಿಕ್ಷೆಗಿಂತ ಕಾಲೇಜಿನ ದಿನಗಳಲ್ಲಿ ಕೇಳಿದ ಬುದ್ಧಿವಾದವು ಅಗ್ಗವಾದುದು.

ಕಾಯಿದೆಯು ಮೂಕವಾಗಿಲ್ಲ. ರ್‍ಯಾಗಿಂಗ್ ತಡೆಯಲು 2009ರಲ್ಲಿ, ಲೈಂಗಿಕ ಕಿರುಕುಳವನ್ನು ತಡೆಯಲು 2015ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ನಿಯಮಗಳನ್ನು ಮಾಡಿದೆ. ಆದುದರಿಂದ ತರಬೇತುದಾರನು ತಾನೇ ನ್ಯಾಯಾಧೀಶನಾಗಬೇಕಾಗಿಲ್ಲ. ಋತುವಿನ ಆರಂಭದಲ್ಲಿಯೇ ನಡತೆಯ ಕಟ್ಟುಪಾಡನ್ನು ತಿಳಿಹೇಳುವುದು, ಕಿವಿಗೆ ಬಿದ್ದ ದೂರನ್ನು ಅಂದೇ ಸಮಿತಿಯ ಮುಂದಿಡುವುದು, ನಾಳೆ ಪಂದ್ಯವಿದೆಯೆಂದು ದೂರಿತ್ತವರ ಬಾಯಿ ಮುಚ್ಚಿಸದಿರುವುದು, ಇಷ್ಟೇ ಅವನ ಕರ್ತವ್ಯ. ಮಾಡಿದ ತಪ್ಪಿಗೆ ಆಟಗಾರನು ಹೊಣೆ. ಮುಚ್ಚಿಟ್ಟ ತಪ್ಪಿಗೆ ತರಬೇತುದಾರನು ಹೊಣೆ.

ಆಡಳಿತ ಮಂಡಲಿಗಳಿಗೂ ನಾವು ಒಂದು ಮಾತನ್ನು ಹೇಳಬಯಸುವೆವು. ಪದಕಗಳನ್ನು ಮಾತ್ರ ಎಣಿಸಿ ತರಬೇತುದಾರನ ಕೆಲಸವನ್ನು ಮುಂದುವರಿಸುವ ಪದ್ಧತಿಯಿರುವವರೆಗೆ ಅವನಿಂದ ಸತ್ಯವನ್ನು ನಿರೀಕ್ಷಿಸುವುದು ವ್ಯರ್ಥ. ಒಳ್ಳೆಯ ಆಟಗಾರನನ್ನು ಹೊರಗಿಟ್ಟು ಪಂದ್ಯ ಸೋತ ತರಬೇತುದಾರನಿಗೆ ಕೆಲಸ ಉಳಿಯುವುದೆಂಬ ಅಭಯವನ್ನು ಮಂಡಲಿಯು ಮೊದಲು ಕೊಡಲಿ. ಸೋತ ಕಪ್ಪನ್ನು ಮರುವರ್ಷ ಗೆಲ್ಲಬಹುದು. ದೂರು ಹೇಳಲಾರದೆ ಓದು ಬಿಟ್ಟು ಊರಿಗೆ ಮರಳಿದ ಹುಡುಗಿಯ ವರ್ಷವನ್ನು ಯಾವ ಕಪ್ಪೂ ತಂದುಕೊಡಲಾರದು.