ಬರಹದ ಧಾಟಿ

ಬರಹದ ಧಾಟಿ ಎಂದರೆ ವಿಷಯದ ಕುರಿತೂ ಓದುಗರ ಕುರಿತೂ ಬರಹಗಾರರು ತಾಳಿರುವ ಮನೋಭಾವವು ಪದಗಳ ಆಯ್ಕೆ, ವಾಕ್ಯರಚನೆ ಮತ್ತು ಸಂಬೋಧನೆಗಳ ಮೂಲಕ ವ್ಯಕ್ತವಾಗುವ ಬಗೆ. ಒಂದೇ ವಿಷಯವು ಧಾಟಿಯ ಭೇದದಿಂದ ಆದೇಶವಾಗಿಯೋ ವಿನಂತಿಯಾಗಿಯೋ ಮೂದಲಿಕೆಯಾಗಿಯೋ ಓದುಗರನ್ನು ತಲುಪಬಹುದು. ಆನಂದವರ್ಧನನು ನಿರೂಪಿಸಿದ 'ಧ್ವನಿ'ಯು ಕಾವ್ಯದ ವ್ಯಂಗ್ಯಾರ್ಥಕ್ಕೆ ಸಂಬಂಧಿಸಿದ ಪರಿಭಾಷೆ. ಧಾಟಿಯು ಅದಕ್ಕಿಂತ ಭಿನ್ನವಾದುದು.

ಕಾಕು

ದನಿಯ ಏರಿಳಿತದಿಂದ ಮಾತಿನ ಅರ್ಥ ಬದಲಾಗುವುದನ್ನು ಸಂಸ್ಕೃತ ಲಾಕ್ಷಣಿಕರು 'ಕಾಕು' ಎಂದು ಕರೆದರು. ಭರತನ ನಾಟ್ಯಶಾಸ್ತ್ರವು ಇದನ್ನು ವಾಚಿಕಾಭಿನಯದ ಸಂದರ್ಭದಲ್ಲಿ ವಿವರಿಸುತ್ತದೆ. ರುದ್ರಟನು ಕಾಕುವನ್ನು ವಕ್ರೋಕ್ತಿ ಅಲಂಕಾರದ ಒಂದು ಭೇದವೆಂದು ಎಣಿಸಿದನು. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಇದನ್ನು ಒಪ್ಪದೆ, ಕಾಕು ಪಠನದ ಧರ್ಮವೇ ಹೊರತು ಅಲಂಕಾರವಲ್ಲ ಎಂದನು. "ಬಹಳ ಬೇಗ ಬಂದಿರಿ" ಎಂಬ ಮಾತು ಮೆಚ್ಚುಗೆಯೋ ಕುಹಕವೋ ಎಂಬುದು ಆಡುವವರ ದನಿಯಿಂದ ತಿಳಿಯುತ್ತದೆ. ಬರಹದಲ್ಲಿ ಆ ದನಿಯನ್ನು ಓದುಗರೇ ಊಹಿಸಿಕೊಳ್ಳಬೇಕಾಗುತ್ತದೆ. ತಪ್ಪು ತಿಳಿವಳಿಕೆಗೆ ಇದೇ ಮುಖ್ಯ ಕಾರಣ.

ಕನ್ನಡದಲ್ಲಿ ಧಾಟಿ

ಕನ್ನಡದಲ್ಲಿ ಕ್ರಿಯಾಪದದ ರೂಪವೇ ಧಾಟಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. 'ಬಾ', 'ಬನ್ನಿ', 'ದಯಮಾಡಿಸಿ', 'ಹಾಜರಾಗತಕ್ಕದ್ದು' ಎಂಬ ಕರೆಗಳಲ್ಲಿ ಕರೆಯುವವರ ಮತ್ತು ಬರುವವರ ಸಂಬಂಧ ಬೇರೆ ಬೇರೆಯಾಗಿದೆ. "ಅವರು ಓದಿದ್ದಾರೆ" ಎಂಬುದು ನಿಶ್ಚಯ. "ಅವರು ಓದಿದ್ದಾರಂತೆ" ಎಂದಾಗ ಅದು ಕೇಳಿದ ಮಾತಾಗುತ್ತದೆ, ಕೆಲವೊಮ್ಮೆ ಸಂದೇಹವೂ ಸೇರುತ್ತದೆ. ಡಿ.ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ'ದಲ್ಲಿ (1943) ಮಾತು ಮಂಕುತಿಮ್ಮನನ್ನು ಕುರಿತದ್ದಾದುದರಿಂದ, ಉಪದೇಶವು ಓದುಗರಿಗೆ ನೇರವಾಗಿ ಚುಚ್ಚುವುದಿಲ್ಲ.

ಓದುಗರ ಮೇಲಿನ ಪರಿಣಾಮ

ವೃದ್ಧಾಪ್ಯ ವೇತನ ಕೋರಿದವರಿಗೆ "ದಾಖಲೆಗಳ ಕೊರತೆಯಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ" ಎಂದು ಬರೆದರೆ, ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಅವರು ಭಾವಿಸಬಹುದು. "ಅರ್ಜಿಯೊಂದಿಗೆ ವಯಸ್ಸಿನ ದಾಖಲೆ ಇಲ್ಲ, ಅದನ್ನು ಸಲ್ಲಿಸಿದರೆ ಮರುಪರಿಶೀಲಿಸುತ್ತೇವೆ" ಎಂದರೆ ಕೊರತೆಯೂ ತಿಳಿಯುತ್ತದೆ, ಮುಂದಿನ ದಾರಿಯೂ ಕಾಣುತ್ತದೆ. ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ "ಪ್ರಯೋಜನವಿಲ್ಲ" ಎಂದು ಬರೆಯುವುದಕ್ಕೂ "ಎರಡನೆಯ ಹಂತದಲ್ಲಿ ಕೂಡಿಸುವುದು ತಪ್ಪಿದೆ" ಎಂದು ಬರೆಯುವುದಕ್ಕೂ ಇಂಥದೇ ಅಂತರವಿದೆ.

ಮೃದುತ್ವವೇ ಎಲ್ಲೆಡೆಯೂ ಉಚಿತವಲ್ಲ. ವಿದ್ಯುತ್ ಕಂಬದ ಮೇಲೆ "ಮುಟ್ಟಬೇಡಿ, ಅಪಾಯ" ಎಂಬ ಖಚಿತ ಮಾತೇ ಬೇಕು. ವಿಶ್ವಕೋಶದಲ್ಲಿ ಹೊಗಳಿಕೆ ಮತ್ತು ತೆಗಳಿಕೆಗಳೆರಡೂ ಓದುಗರ ನಂಬಿಕೆಯನ್ನು ಕುಂದಿಸುತ್ತವೆ. ಆದುದರಿಂದ ಅಲ್ಲಿ ತಟಸ್ಥ ಧಾಟಿಯನ್ನು ಅನುಸರಿಸಲಾಗುತ್ತದೆ.