ಕಾಡಂಚಿಗೆ ಹಗಲು ಕರೆಂಟು ಬೇಕು

ಹ್ಯಾಂಡ್‌ಪೋಸ್ಟ್ ಕಡೆಯಿಂದ ಮಾನಂದವಾಡಿಗೆ ಹೊರಟ ವಾಹನ ಸಂಜೆ ಆರು ದಾಟಿದರೆ ನಾಗರಹೊಳೆಯ ಗೇಟಿನಲ್ಲಿ ನಿಲ್ಲಲೇಬೇಕು. ಬೆಳಗ್ಗೆ ಆರರವರೆಗೆ ಕಾಡೊಳಗಿನ ರಸ್ತೆ ಬಂದ್. ರಾತ್ರಿ ಪ್ರಾಣಿಗಳ ಹೊತ್ತು ಎಂಬುದನ್ನು ಲಾರಿ, ಬಸ್ಸಿನ ಮಟ್ಟಿಗೆ ಸರ್ಕಾರವೇ ಒಪ್ಪಿಕೊಂಡಿದೆ. ಅದೇ ಕಾಡಿನ ಅಂಚಿನ ರೈತನ ವಿಷಯದಲ್ಲಿ ಮಾತ್ರ ಈ ತಿಳಿವಳಿಕೆ ಕೆಲಸಕ್ಕೆ ಬಂದಂತಿಲ್ಲ. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಅವನು ಟಾರ್ಚು ಹಿಡಿದು ನೀರು ಕಟ್ಟಲು ಹೋಗಬೇಕು. ಆನೆ ರಾಗಿ, ಮುಸುಕಿನ ಜೋಳಕ್ಕೆ ಇಳಿಯುವುದೂ ಆ ಹೊತ್ತಿಗೇ. ಎಚ್.ಡಿ. ಕೋಟೆ, ಹುಣಸೂರು ಭಾಗದಲ್ಲಿ ಬೇಲಿಯ ಬಗ್ಗೆ ಆಗುವಷ್ಟು ಚರ್ಚೆ ಕರೆಂಟಿನ ವೇಳಾಪಟ್ಟಿಯ ಬಗ್ಗೆಯೂ ಆಗಬೇಕು.

ಪ್ರಾಣಿಯನ್ನೇ ಹಿಡಿದು ಸಾಗಿಸಿದರೆ ಆಯಿತಲ್ಲ ಎಂಬುದು ಮೊದಲು ಕೇಳಿಬರುವ ಮಾತು. ಮನುಷ್ಯರನ್ನು ಕೊಂದ ಹುಲಿಯನ್ನು ಹಿಡಿಯಲೇಬೇಕು, ಸರಿ. ಆದರೆ ಬಲಿತ ಗಂಡುಹುಲಿ ತನ್ನ ಸರಹದ್ದಿಗೆ ಇನ್ನೊಂದು ಗಂಡನ್ನು ಬಿಟ್ಟುಕೊಳ್ಳುವುದಿಲ್ಲ. ಪ್ರಾಯಕ್ಕೆ ಬರುತ್ತಿರುವವು, ಮುದಿಯಾದವು ಅಂಚಿಗೆ ಬೀಳುತ್ತವೆ. 2022ರ ಅಂದಾಜಿನಂತೆ ರಾಜ್ಯದಲ್ಲಿ 563 ಹುಲಿಗಳಿವೆ. ಒಂದನ್ನು ಸಾಗಿಸಿದ ಜಾಗಕ್ಕೆ ಮತ್ತೊಂದು ಬರಲು ಹೆಚ್ಚು ಕಾಲ ಬೇಕಿಲ್ಲ. ಆನೆಯ ವಿಷಯವೂ ಹಾಗೇ: ಹಿಡಿಯುವುದರಿಂದಲೇ ಮುಗಿಯುವಂತಿದ್ದರೆ, 1971ರವರೆಗೆ ನಡೆದ ಕಾಕನಕೋಟೆಯ ಖೆಡ್ಡಾಗಳೇ ಮುಗಿಸಿರಬೇಕಿತ್ತು. ಆಮೇಲೆ 1974ರಲ್ಲಿ ಕಬಿನಿ ಜಲಾಶಯ ಆ ಕಾಡಿನ ಒಂದು ಪಾಲನ್ನು ನುಂಗಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಲ್ಲಿ ಚಿಗುರುವ ಹುಲ್ಲಿಗೆ ಆನೆಗಳು ಹಿಂಡುಹಿಂಡಾಗಿ ಸೇರುವುದು ಪ್ರವಾಸಿಗರಿಗೆ ಹಬ್ಬ. ಪೈರು ಬಲಿಯುವ ಹೊತ್ತಿಗೆ ಅವು ಎಲ್ಲಿಗೆ ಹೋಗುತ್ತವೆ ಎಂಬುದು ಊರಿನವರಿಗಷ್ಟೇ ಗೊತ್ತು.

ರೈಲ್ವೆ ಕಂಬಿಯ ತಡೆಗೋಡೆ ಆನೆಗೆ ನಿಜಕ್ಕೂ ದೊಡ್ಡ ಅಡ್ಡಿ, ಅದನ್ನು ಹಳಿಯುವಂತಿಲ್ಲ. ಕಂದಕ ಮಾತ್ರ ಮಳೆಗೆ ಕುಸಿದು, ಹೂಳು ತುಂಬಿ, ವರ್ಷ ವರ್ಷ ದುರಸ್ತಿ ಬೇಡುತ್ತದೆ. ಹುಲಿ, ಚಿರತೆಗೆ ಎರಡೂ ಲೆಕ್ಕಕ್ಕಿಲ್ಲ. ನನ್ನ ವಾದಕ್ಕೆ ಗಟ್ಟಿ ಆಕ್ಷೇಪ ಹುಟ್ಟುವುದೂ ಇಲ್ಲೇ. 2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು ಭಾಗದಲ್ಲಿ ಹುಲಿಗೆ ಬಲಿಯಾದವರು ಹೊಲದಲ್ಲಿ, ದನ ಮೇಯಿಸುವ ಕಡೆ ಹಗಲಲ್ಲೇ ಸಿಕ್ಕಿಬಿದ್ದವರು. ಆಗ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ಹಗಲು ಕರೆಂಟು ಅಂಥ ಸಾವನ್ನು ತಪ್ಪಿಸದು, ಒಪ್ಪಬೇಕು. ಪೊದೆ ಸವರುವುದು, ಗುಂಪಾಗಿ ಕೆಲಸ ಮಾಡುವುದು, ಹುಲಿಯ ಸುಳಿವು ಸಿಕ್ಕ ಕೂಡಲೇ ಊರಿಗೆಲ್ಲ ತಿಳಿಸುವುದು ಅದಕ್ಕೆ ಬೇಕಾದ ಬೇರೆಯೇ ಕೆಲಸಗಳು. ಆದರೆ ಹಗಲಿನ ಅಪಾಯ ಇದೆಯೆಂದು ರಾತ್ರಿಯದನ್ನೂ ತಲೆಯ ಮೇಲೆ ಹೊರಿಸುವುದು ಯಾವ ನ್ಯಾಯ? ಖರ್ಚು ಯಾರದು ಎಂಬ ಪ್ರಶ್ನೆಗೂ ಉತ್ತರವಿದೆ. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯಲ್ಲಿ ಸೌರ ಪಂಪ್‌ಸೆಟ್ಟಿಗೆ ಸಹಾಯಧನ ಸಿಗುತ್ತದೆ, ಕೃಷಿ ಫೀಡರನ್ನೇ ಸೌರ ವಿದ್ಯುತ್ತಿಗೆ ಬದಲಿಸಲೂ ಅವಕಾಶವಿದೆ. ಬಿಸಿಲಿನ ಕರೆಂಟು ಹೇಗೂ ಹಗಲಲ್ಲೇ ಬರುವುದು. ಫೀಡರುಗಳ ಪಟ್ಟಿಯಲ್ಲಿ ಕಾಡಂಚಿನ ಊರುಗಳನ್ನು ಮೊದಲಿಗೆ ಬರೆದುಕೊಂಡರಾಯಿತು.